ಆಟದೊಳಗಿನ ಪಿಶಾಚಿಗಳು

ನಾಟ್ಯಶಾಸ್ತ್ರವು ಹೆಸರಿಸುವ ಎಂಟು ರಸಗಳಲ್ಲಿ ಭಯಾನಕವೂ ಅದ್ಭುತವೂ ಸೇರಿವೆ. ವಿಡಿಯೊ ಗೇಮ್ ಎಂಬ ಹೊಸ ಕಲೆಗೆ ಇವೆರಡೂ ಸುಲಭವಾಗಿ ಒಲಿಯಬೇಕೆಂದು ಯಾರಿಗಾದರೂ ತೋರೀತು. ಕತ್ತಲೆ, ಸದ್ದು, ರೂಪ, ಚಲನೆ ಎಲ್ಲವೂ ಅದರ ಕೈಯಲ್ಲಿವೆ. ಆದರೂ ಒಲಿಯುವುದು ಅಪರೂಪ. ಏಕೆಂಬುದನ್ನು ಈ ಹೊತ್ತು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಶಿವಮೊಗ್ಗದ ತರುಣ ಮಿತ್ರರೊಬ್ಬರು ಬಹುವಾಗಿ ಹೊಗಳಿ ನನಗೊಂದು ಆಟವನ್ನು ಆಡಲು ಕೊಟ್ಟರು. ವಿಮರ್ಶಕರೂ ಅದನ್ನು ಕೊಂಡಾಡಿದ್ದರು. ಹೆಸರು ಇಲ್ಲಿ ಬೇಡ. ದೋಷ ಅದೊಂದರದೇ ಅಲ್ಲ. ಪಾಳುಬಿದ್ದ ನಗರ, ತೊಯ್ದ ಕಲ್ಲುಗಳ ಮೇಲೆ ನಡುಗುವ ದೀಪದ ಬೆಳಕು—ಚಿತ್ರಕಾರರ ಕೌಶಲಕ್ಕೆ ತಲೆದೂಗಿದೆ. ಮೊದಲ ಪಿಶಾಚಿ ಬಾಗಿಲ ಮರೆಯಿಂದ ಬಂದಾಗ ಮೈ ಜುಮ್ಮೆಂದದ್ದೂ ನಿಜ. ಆದರೆ ಕಥಾನಾಯಕನ ಕೈಯಲ್ಲಿ ಮಂತ್ರದ ಖಡ್ಗವಿತ್ತು. ಮೂರು ಏಟಿಗೆ ಪಿಶಾಚಿ ಬೂದಿಯಾಯಿತು. ಹಿಂದೆಯೇ ಐದು ಬಂದವು, ಆಮೇಲೆ ಹತ್ತು. ಎರಡನೆಯ ಸಂಜೆಯ ಹೊತ್ತಿಗೆ ನಾನು ಅವುಗಳ ಮುಖ ನೋಡುವುದನ್ನೇ ಬಿಟ್ಟು, ಕೊಂದರೆ ಸಿಗುವ ಅಂಕಗಳನ್ನು ಎಣಿಸುತ್ತಿದ್ದೆ.

ಇದರ ಕಾರಣ ಆಟಗಳ ಚರಿತ್ರೆಯಲ್ಲೇ ಇದೆ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1996ರಲ್ಲಿ ಹೊರತಂದ ‘ರೆಸಿಡೆಂಟ್ ಈವಿಲ್’ನಲ್ಲಿ ಗುಂಡುಗಳು ಕಡಿಮೆ, ಹೋರಾಡುವುದೋ ಓಡುವುದೋ ಎಂದು ಮತ್ತೆ ಮತ್ತೆ ಯೋಚಿಸಬೇಕು. ಅದೇ ಸರಣಿಯ ಮುಂದಿನ ಆಟವೆಂದು ಆರಂಭವಾದ ಕೆಲಸವೊಂದು, ನಾಯಕನ ಸಾಹಸ ಮಿತಿಮೀರಿ ಸರಣಿಯ ಸ್ವಭಾವಕ್ಕೆ ಹೊಂದದೆ, 2001ರಲ್ಲಿ ‘ಡೆವಿಲ್ ಮೇ ಕ್ರೈ’ ಎಂಬ ಬೇರೆಯೇ ಆಟವಾಯಿತು. ಅದರ ಸೊಗಸು ಕತ್ತಿವರಸೆಯ ಸೊಗಸು. ಭಯ ಹುಟ್ಟುವುದು ನಮ್ಮ ದೌರ್ಬಲ್ಯದಿಂದ, ಸಾಹಸ ನಮ್ಮ ಬಲದಿಂದ. ಎರಡನ್ನೂ ಒಟ್ಟಿಗೆ ಕೊಡುತ್ತದೆಂದು ಒಂದು ಆಟವನ್ನು ಹೊಗಳುವವರು ಈ ಭೇದವನ್ನು ಮರೆಯುತ್ತಾರೆ.

ನಮ್ಮ ಹಳೆಯ ಕಲೆಗಳು ಇದನ್ನು ಬಲ್ಲವು. 1965ರಲ್ಲಿ ಆರಂಭವಾದ ಈ ಭದ್ರಾವತಿ ಆಕಾಶವಾಣಿಯಿಂದ ಬಾನುಲಿ ನಾಟಕ ಕೇಳಿದವರಿಗೆ, ಕಾಣದ ಒಂದು ಹೆಜ್ಜೆಯ ಸದ್ದು ಏನು ಮಾಡಬಲ್ಲದೆಂದು ಗೊತ್ತು. ಯಕ್ಷಗಾನದ ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ದೊಂದಿಯ ಬೆಳಕಿನಲ್ಲಿ, ಸಭೆಯ ನಡುವಿನಿಂದಲೇ ಆರ್ಭಟಿಸುತ್ತ ಬರುತ್ತಾನೆ. ಬರುವವನು ಒಬ್ಬನೇ, ಜನ ನಿದ್ದೆಗೆಟ್ಟು ಕಾದದ್ದು ಆ ಒಬ್ಬನಿಗಾಗಿ. ಮಲೆನಾಡಿನ ಚೌಡಿ, ಭೂತಪ್ಪರಂತೂ ಗದ್ದೆ ತೋಟಗಳ ಅಂಚಿನಲ್ಲಿ ನೆಲೆನಿಂತ ನೆರೆಹೊರೆಯವರು. ಅವರಿಗೊಂದು ಎಲ್ಲೆಯುಂಟು, ಸಲ್ಲಬೇಕಾದ ಪೂಜೆಯುಂಟು, ತಪ್ಪಿದರೆ ಮುನಿಸುಂಟು. ಕೊಲ್ಲುವ ಮಾತು ಅಲ್ಲಿ ಹುಟ್ಟುವುದೇ ಇಲ್ಲ.

ಇಂಥ ಸಂಬಂಧ ಹೊಸ ಮಾಧ್ಯಮಕ್ಕೆ ನಿಲುಕದ್ದೇನಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ರೂಪಿಸಿದ, 2020ರಲ್ಲಿ ಪ್ರಕಟವಾದ ‘ರಾಜಿ’ ಎಂಬ ಆಟ ಕಥೆಯ ಭಾಗಗಳನ್ನು ತೊಗಲುಗೊಂಬೆಯಾಟದ ರೀತಿಯಲ್ಲಿ ತೋರಿಸುತ್ತದೆ. ತಮ್ಮನನ್ನು ಹುಡುಕಿಹೊರಟ ಹುಡುಗಿಯನ್ನು ಕುರಿತು ದುರ್ಗೆಯೂ ವಿಷ್ಣುವೂ ಮಾತನಾಡಿಕೊಳ್ಳುತ್ತಾರೆ. ಅಸುರವಧೆ ಅಲ್ಲಿಯೂ ಉಂಟು. ಆದರೆ ಹುಡುಗಿಯ ಪಾಡನ್ನು ಮರುಗುತ್ತ ನೋಡುವ ದೈವವೂ ಉಂಟು.

ಶಿವಮೊಗ್ಗ, ಭದ್ರಾವತಿಗಳ ಎಷ್ಟೋ ಮಕ್ಕಳು ಇಂದು ಅಜ್ಜಿಯ ಕಥೆ ಕೇಳುವ ಮೊದಲೇ ಇಂಥ ಆಟಗಳಲ್ಲಿ ಭೂತಗಳನ್ನು ಕಾಣುತ್ತಾರೆ. ಅವರ ಕೈಯಿಂದ ಆಟವನ್ನು ಕಸಿಯುವುದು ಬೇಡ. ಎಷ್ಟನ್ನು ಕೊಂದೆ ಎಂದು ಕೇಳುವ ಬದಲು, ಯಾವುದಕ್ಕೆ ಹೆದರಿದೆ, ಯಾವುದು ನೆನಪಿನಲ್ಲಿ ಉಳಿಯಿತು ಎಂದು ಕೇಳೋಣ. ಮಗು ಒಂದನ್ನಾದರೂ ಬಣ್ಣಿಸಿ ಹೇಳಿದರೆ, ಆ ಆಟಕ್ಕೆ ಸಂದ ಹೊಗಳಿಕೆಯನ್ನು ನಾನೂ ಒಪ್ಪುತ್ತೇನೆ.