ಸೀಜನ್ನಿಗೆ ಮೇಲೆ ಹೋಗುವ ಮುಂಚೆ

(ನಮ್ಮ ಸಂಘದ ಮಾರ್ಚ್ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಒಲೆಯ ಮುಂದೆ ನಿಂತು ಅಭ್ಯಾಸವುಂಟು, ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. "ನೀನು ಕಂಡದ್ದನ್ನು ಹೇಳು, ಅಷ್ಟು ಸಾಕು" ಎಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ಆದುದರಿಂದ ಕಂಡದ್ದನ್ನೇ ಹೇಳುತ್ತೇನೆ.

ಇನ್ನು ಹತ್ತು ಹದಿನೈದು ದಿನಗಳಲ್ಲಿ ನಿಮ್ಮಲ್ಲಿ ಅನೇಕರ ಫೋನು ಬಾರಿಸತೊಡಗುತ್ತದೆ. ಪುಣೆ ವಿದ್ಯಾರ್ಥಿಗಳ ಊರು. ಪರೀಕ್ಷೆ ಮುಗಿದು ಹುಡುಗರು ತಮ್ಮ ತಮ್ಮ ಊರಿಗೆ ಹೋದರೆಂದರೆ ಕಾಲೇಜುಗಳ ಸುತ್ತಲಿನ ಮೆಸ್ಸು, ತಿಂಡಿ ಹೊಟೇಲುಗಳ ವ್ಯಾಪಾರ ಅರ್ಧಕ್ಕೆ ಇಳಿಯುತ್ತದೆ. ಮಾಲೀಕರು "ಎರಡು ತಿಂಗಳು ಊರಿಗೆ ಹೋಗಿ ಬಾ" ಎನ್ನುತ್ತಾರೆ. ಊರಿಗೆ ಹೋದರೆ ಪಗಾರವಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಅಡುಗೆ ಕಂತ್ರಾಟುದಾರನ ಫೋನು ಬರುತ್ತದೆ. "ಬನ್ನಿ ಮಾರಾಯ್ರೇ, ಮಕ್ಕಳ ಶಿಬಿರ ಉಂಟು. ಮೇಲೆ ತಂಪು ಗಾಳಿ. ಊಟ ವಸತಿ ಪುಕ್ಕಟೆ. ಮಕ್ಕಳಿಗೆ ಅಡುಗೆ ಮಾಡುವುದು ಎಂದರೆ ಎಂಥ ದೊಡ್ಡ ಕೆಲಸ?"

ಈ ಶಿಬಿರಗಳು ಎಂಥವು ಎಂದು ಗಿರಣಿಯ ಅಣ್ಣಂದಿರಿಗೆ ಗೊತ್ತಿರಲಿಕ್ಕಿಲ್ಲ. ಪಂಚಗಣಿ, ಮಹಾಬಳೇಶ್ವರ, ಲೋಣಾವಳ, ಮುಳಶಿ, ಪಾನಶೇತ್ ಈ ಕಡೆಗಳಲ್ಲಿ ಬೇಸಿಗೆ ರಜೆಗೆ ಪಟ್ಟಣದ ಮಕ್ಕಳನ್ನು ಕರೆದೊಯ್ದು ಏಳು ದಿನ, ಹತ್ತು ದಿನ ಇರಿಸಿಕೊಳ್ಳುತ್ತಾರೆ. ಗುಡ್ಡ ಹತ್ತಿಸುತ್ತಾರೆ, ಬಿಲ್ಲು ಬಾಣ ಕಲಿಸುತ್ತಾರೆ, ರಾತ್ರಿ ಬೆಂಕಿ ಹಾಕಿ ಹಾಡು ಹೇಳಿಸುತ್ತಾರೆ. ಒಂದು ತಂಡ ಇಳಿದ ಮರುದಿನವೇ ಇನ್ನೊಂದು ತಂಡ ಏರುತ್ತದೆ. ಇದೊಂದು ಒಳ್ಳೆಯ ಸಂಗತಿ ಎಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಲೋಟ ಎತ್ತದ ಹುಡುಗ ಅಲ್ಲಿ ತನ್ನ ತಟ್ಟೆಯನ್ನು ತಾನೇ ತೊಳೆಯುತ್ತಾನೆ. ಅದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಆ ಮಕ್ಕಳು ಬೆಳಿಗ್ಗೆ ಏಳುವುದು ಆರು ಗಂಟೆಗೆ. ನಾವು ಏಳುವುದು ನಾಲ್ಕಕ್ಕೆ.

ನಾನು ಮೊದಲು ಮೇಲೆ ಹೋದದ್ದು 2012ರಲ್ಲಿ, ಪಂಚಗಣಿಯ ಹತ್ತಿರದ ಒಂದು ಶಿಬಿರಕ್ಕೆ. ಏಪ್ರಿಲ್ 14ಕ್ಕೆ ವಾಯಿ ದಾಟಿ ಪಸರಣಿ ಘಾಟ ಹತ್ತಿದೆವು. ಮಕ್ಕಳು ನೂರಿಪ್ಪತ್ತು, ಕಲಿಸುವವರು ಮತ್ತು ಮೇಲ್ವಿಚಾರಕರು ಇಪ್ಪತ್ತೈದು, ಅಡುಗೆಮನೆಯಲ್ಲಿ ನಾವು ಎಂಟು ಜನ. ಬೆಳಿಗ್ಗೆ ಹಾಲು, ಆಮೇಲೆ ಉಪ್ಪಿಟ್ಟೋ ಅವಲಕ್ಕಿಯೋ, ಹನ್ನೊಂದಕ್ಕೆ ಪಾನಕ, ಮಧ್ಯಾಹ್ನದ ಊಟ, ಸಂಜೆಗೆ ತಿಂಡಿ, ರಾತ್ರಿ ಊಟ, ಮಲಗುವ ಮುಂಚೆ ಮತ್ತೆ ಹಾಲು. ಒಂದು ಹೊತ್ತಿಗೆ ನಾನ್ನೂರರ ಮೇಲೆ ಚಪಾತಿ. ಕೊನೆಯ ಪಾತ್ರೆ ತೊಳೆದು ಕವುಚಿ ಹಾಕುವಾಗ ರಾತ್ರಿ ಹನ್ನೊಂದೂವರೆ. ಉಗ್ರಾಣದಲ್ಲಿ ಬಟಾಟೆ ಚೀಲಗಳ ನಡುವೆ ನಮ್ಮ ಹಾಸಿಗೆ. ವಾರದ ರಜೆ ಎಂಬ ಮಾತನ್ನು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ರಾತ್ರಿಯ ವಿಷಯ ಹೇಳಬೇಕು. ಪಾತ್ರೆ ತೊಳೆಯುತ್ತಿದ್ದೆವು. ಹನ್ನೆರಡು ವರ್ಷದ ಒಬ್ಬ ಹುಡುಗ ಬಾಗಿಲಲ್ಲಿ ಬಂದು ನಿಂತ. ಕಣ್ಣು ಕೆಂಪಾಗಿತ್ತು. ಅಮ್ಮನ ನೆನಪಾಗಿ ನಿದ್ದೆ ಬಂದಿರಲಿಲ್ಲ. ಶಿಬಿರದ ಬಾಯಿಯವರನ್ನು ಕರೆತರಲು ಒಬ್ಬನನ್ನು ಕಳುಹಿಸಿ, ಉಳಿದವರು ಅವನಿಗೆ ಒಂದು ಲೋಟ ಬಿಸಿ ಹಾಲು ಕೊಟ್ಟು ಕೂರಿಸಿದೆವು. ಸ್ವಲ್ಪ ಹೊತ್ತಿನ ಮೇಲೆ ಅವನು ಮರಾಠಿಯಲ್ಲಿ ನನ್ನನ್ನು ಕೇಳಿದ: "ಕಾಕಾ, ನೀವು ಮೊದಲ ಸಲ ಮನೆ ಬಿಟ್ಟು ಬಂದದ್ದು ಯಾವಾಗ?"

"ನಿನ್ನ ವಯಸ್ಸಿನಲ್ಲೇ" ಎಂದೆ.

"ನಿಮ್ಮದು ಎಷ್ಟು ದಿನದ ಶಿಬಿರ?"

ಬಂಧುಗಳೇ, ನಾನು ಉತ್ತರ ಕೊಡಲಿಲ್ಲ. ನಾನು 2003ರಲ್ಲಿ ಹನ್ನೆರಡನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಊರಿನವರೊಬ್ಬರ ಜೊತೆ ಪುಣೆಗೆ ಬಂದವನು. ಒಂದು ಹೊಟೇಲಿನಲ್ಲಿ ಕ್ಲೀನರ್ ಮಾಣಿಯಾಗಿ ಕಪ್ಪು ಬಸಿ ತೊಳೆಯಲು ನಿಂತೆ. ರಜೆ ಮುಗಿದರೆ ಕರೆದುಕೊಂಡು ಹೋಗುತ್ತಾರೆ ಎಂದೇ ನಂಬಿದ್ದೆ. ಯಾರೂ ಬರಲಿಲ್ಲ. ಎಷ್ಟು ದಿನ ಎಂದು ಯಾರೂ ನನಗೆ ಹೇಳಿರಲಿಲ್ಲ. ಈ ಸಭೆಯಲ್ಲಿ ಹಾಗೆ ಬಂದವರು ನಾನೊಬ್ಬನೇ ಅಲ್ಲ ಎಂಬುದು ನನಗೆ ಗೊತ್ತು. ಹೊಟೇಲು ಮತ್ತು ಢಾಬಾಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಳ್ಳಕೂಡದೆಂಬ ಆಜ್ಞೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ನನ್ನ ಪಾಲಿಗೆ ಅದು ತಡವಾಗಿ ಬಂತು. ನಮ್ಮ ತಮ್ಮಂದಿರ ಪಾಲಿಗೆ ತಡವಾಗಬಾರದು. ಸೀಜನ್ನಿಗೆ ಹೋಗುವ ತಂಡದಲ್ಲಿ "ಪಾತ್ರೆ ತೊಳೆಯಲು ಒಬ್ಬ ಚಿಕ್ಕವನಿರಲಿ" ಎಂದು ಕಂತ್ರಾಟುದಾರ ಕೇಳಿದರೆ, ಇಲ್ಲ ಎಂದು ಹೇಳುವವರು ಮೊದಲು ನಾವಾಗಬೇಕು.

ಇನ್ನು ಆ ಸೀಜನ್ನು ಹೇಗೆ ಮುಗಿಯಿತು ಎಂಬುದನ್ನು ಕೇಳಿ. ಮೇ ತಿಂಗಳ ಕೊನೆಗೆ, ನಿದ್ದೆಗಣ್ಣಿನಲ್ಲಿ ದಾಲಿನ ಹಂಡೆ ಇಳಿಸುವಾಗ ನಮ್ಮ ಪೈಕಿ ಒಬ್ಬ ತಮ್ಮ, ವಿಜಯಪುರದ ಕಡೆಯವನು, ಕಾಲು ಸುಟ್ಟುಕೊಂಡ. ಮೊಣಕಾಲಿನಿಂದ ಪಾದದವರೆಗೆ ಬೊಬ್ಬೆ ಎದ್ದಿತು. ಶಿಬಿರದವರನ್ನು ಕೇಳಿದರೆ "ಅವನು ಕಂತ್ರಾಟುದಾರನ ಆಳು" ಎಂದರು. ಕಂತ್ರಾಟುದಾರನಿಗೆ ಫೋನು ಮಾಡಿದರೆ "ಜಾಗ ಶಿಬಿರದವರದ್ದು, ಅವರನ್ನೇ ಕೇಳಿ" ಎಂದ. ಕೊನೆಗೆ ಹಾಲು ತರುವ ಜೀಪಿನವನು ಪುಣ್ಯ ಕಟ್ಟಿಕೊಂಡು ಅವನನ್ನು ವಾಯಿಗೆ ಇಳಿಸಿದ. ಔಷಧದ ಖರ್ಚನ್ನು ನಾವೇ ಏಳು ಜನ ಹಂಚಿಕೊಂಡೆವು.

ಜೂನ್ 3ಕ್ಕೆ ಶಿಬಿರ ಮುಗಿಯಿತು. ಒಟ್ಟು 51 ದಿನ. 32 ದಿನದ ಪಗಾರ ಬಂದಿತ್ತು. ಉಳಿದ 19 ದಿನದ್ದು "ಕೆಳಗೆ ಇಳಿದ ಮೇಲೆ" ಎಂದಿದ್ದರು. ಇಳಿದ ಮೇಲೆ ಕಂತ್ರಾಟುದಾರನ ಫೋನು ಬಂದು. ದಿನಕ್ಕೆ 350 ರೂಪಾಯಿಯಂತೆ ನನಗೆ ಬರಬೇಕಾಗಿದ್ದದ್ದು 6,650 ರೂಪಾಯಿ. ಅದು ಇಂದಿಗೂ ಬಂದಿಲ್ಲ.

ಇದರಲ್ಲಿ ನಮ್ಮ ತಪ್ಪೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಒಂದು ಚೀಟಿಯನ್ನೂ ಬರೆಸಿಕೊಂಡಿರಲಿಲ್ಲ. ಶಿಬಿರದ ಮಾಲೀಕರ ಪೂರ್ತಿ ಹೆಸರು ಸಹ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಎಂಟು ಜನರೂ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ಹೇಳದೆ ಪಗಾರ ಮಾತಾಡಿಕೊಂಡಿದ್ದೆವು. ನನಗೆ ಐವತ್ತು ರೂಪಾಯಿ ಹೆಚ್ಚು ಎಂಬ ಗುಟ್ಟಿನ ಸಂತೋಷದಲ್ಲಿ ನಾನಿದ್ದೆ. ಪ್ರತಿಯೊಬ್ಬನೂ ಅದೇ ಸಂತೋಷದಲ್ಲಿದ್ದ. ಹೀಗಾಗಿ ದುಡ್ಡು ಮುಳುಗಿದಾಗ ಎಂಟು ಜನ ಒಟ್ಟಿಗೆ ಒಂದು ಬಾಗಿಲು ತಟ್ಟಲು ಆಗಲಿಲ್ಲ.

ಗಿರಣಿಯ ಅಣ್ಣಂದಿರಿಗೆ 'ಬದಲಿ' ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ದಿನಾ ಗೇಟಿನಲ್ಲಿ ನಿಲ್ಲಬೇಕು, ಕರೆದರೆ ಕೆಲಸ, ಇಲ್ಲದಿದ್ದರೆ ಮನೆ. ಸೀಜನ್ನಿನ ಕೆಲಸವೂ ಅದೇ ಜಾತಿಯದು. ಎರಡೇ ತಿಂಗಳ ಕೆಲಸವಲ್ಲವೇ ಎಂದು ನಾವೇ ಅದನ್ನು ಹಗುರ ಮಾಡಿಕೊಳ್ಳುತ್ತೇವೆ. ಆದರೆ ಎರಡು ತಿಂಗಳು ಎಂದು ಹೊಟ್ಟೆ ಕಡಿಮೆ ಹಸಿಯುವುದಿಲ್ಲ, ಹಂಡೆ ಕಡಿಮೆ ಸುಡುವುದಿಲ್ಲ.

ಕಾನೂನು ಏನು ಹೇಳುತ್ತದೆ? 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದೇ ದಿನ ಜಾರಿಗೆ ಬಂದ ನಾಲ್ಕೂ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ದೊಡ್ಡ ತಕರಾರುಗಳಿವೆ. ಆ ಹೋರಾಟ ಬೇರೆ. ಆದರೆ ಅದರಲ್ಲಿ ನಮ್ಮ ಕೈಗೆ ಬರುವ ಆಯುಧವನ್ನು ನಾವು ಬಿಡಬಾರದು. ಹೆಚ್ಚುವರಿ ಹೊತ್ತಿನ ದುಡಿಮೆಗೆ ಎರಡು ಪಟ್ಟಿಗೆ ಕಡಿಮೆಯಿಲ್ಲದ ದರ ಕೊಡಬೇಕು. ಕೆಲಸದಿಂದ ತೆಗೆದರೂ, ತಾನೇ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ಬಾಕಿ ಪಗಾರ ಕೈಗೆ ಬರಬೇಕು. ಕೆಲಸಕ್ಕೆ ಇಟ್ಟುಕೊಂಡವನು ಕೊಡದಿದ್ದರೆ, ಯಾವ ಸಂಸ್ಥೆಯಲ್ಲಿ ಕೆಲಸ ನಡೆಯಿತೋ ಅದರ ಮಾಲೀಕನೇ ಅದಕ್ಕೆ ಹೊಣೆ. ಬಾಕಿಗಾಗಿ ಅರ್ಜಿ ಹಾಕಲು ಮೂರು ವರ್ಷದ ಅವಕಾಶವಿದೆ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಎಂಬುದು 1923ರ ಕಾನೂನಿನಿಂದಲೂ ಬಂದಿರುವ ಮಾತು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆದರೆ ಅರ್ಜಿಯ ಮೇಲೆ ಬರೆಯಲು ಮಾಲೀಕನ ಹೆಸರೇ ಗೊತ್ತಿಲ್ಲದವನಿಗೆ ಯಾವ ಕಾನೂನು ಏನು ಮಾಡೀತು?

ಇದೆಲ್ಲ ಆಗುವ ಮಾತಲ್ಲ, ಇವತ್ತು ಒಬ್ಬ ನಾಳೆ ಒಬ್ಬ ಮಾಲೀಕನಿರುವವರಿಗೆ ಸಂಘ ಎಲ್ಲಿಂದ ಬಂತು, ಎಂದು ಕೆಲವರು ಹೇಳುತ್ತಾರೆ. ಇದೇ ಪುಣೆಯಲ್ಲಿ ಮೂಟೆ ಹೊರುವವರನ್ನು ನೋಡಿ. ಅವರಿಗೂ ಒಬ್ಬ ಮಾಲೀಕನಿರಲಿಲ್ಲ. ಬಾಬಾ ಆಢಾವರು 1956ರಲ್ಲಿ ಹಮಾಲ ಪಂಚಾಯತ ಕಟ್ಟಿದರು. 1969ರಲ್ಲಿ ಮಹಾರಾಷ್ಟ್ರದಲ್ಲಿ ಮಾಥಾಡಿ ಕಾನೂನು ಬಂತು. ಹಮಾಲರ ಹೆಸರೂ ವ್ಯಾಪಾರಿಗಳ ಹೆಸರೂ ಒಂದು ಮಂಡಳಿಯ ಪುಸ್ತಕದಲ್ಲಿ ದಾಖಲಾಗುವಂತಾಯಿತು. 1974ರಿಂದ ಪಂಚಾಯತದವರು 'ಕಷ್ಟಾಚಿ ಭಾಕರ್' ಎಂಬ ಊಟದ ಕೇಂದ್ರವನ್ನೂ ನಡೆಸಿದರು. ಬೆನ್ನ ಮೇಲೆ ಚೀಲ ಹೊರುವವರು ಇಷ್ಟು ಮಾಡಬಲ್ಲರಾದರೆ, ನೂರೈವತ್ತು ಜನರ ಅಡುಗೆಯನ್ನು ಅಳತೆ ತಪ್ಪದೆ ಮಾಡುವ ನಾವು ಒಂದು ಚೀಟಿ ಬರೆಸಿಕೊಳ್ಳಲಾರೆವೇ?

ಆದುದರಿಂದ ಈ ವರ್ಷ ಹೀಗೆ ಮಾಡೋಣ. ಒಂಟಿಯಾಗಿ ಯಾರೂ ಮಾತು ಕೊಡಬಾರದು. ಹೋಗುವ ತಂಡ ಮೊದಲು ಇಲ್ಲಿ ಒಟ್ಟು ಕೂತು, ಭಟ್ಟರಿಗೆಷ್ಟು, ಸಹಾಯಕನಿಗೆಷ್ಟು, ತೊಳೆಯುವವನಿಗೆಷ್ಟು ಎಂದು ಎಲ್ಲರ ಎದುರಿಗೆ ನಿಶ್ಚಯಿಸಬೇಕು. ಯಾವ ದಿನ ಶುರು, ಯಾವ ದಿನ ಮುಕ್ತಾಯ, ಎಷ್ಟು ತಾಸು, ವಾರಕ್ಕೊಂದು ರಜೆ ಹೇಗೆ, ಹೋಗಿ ಬರುವ ಖರ್ಚು ಯಾರದು, ಪೆಟ್ಟಾದರೆ ಆಸ್ಪತ್ರೆಗೆ ಯಾರು ಒಯ್ಯಬೇಕು, ಇಷ್ಟನ್ನು ಒಂದು ಕಾಗದದಲ್ಲಿ ಬರೆಸಿ, ಕಂತ್ರಾಟುದಾರನ ಸಹಿಯ ಜೊತೆಗೆ ಶಿಬಿರದ ಮಾಲೀಕರ ಹೆಸರು ವಿಳಾಸವನ್ನೂ ಹಾಕಿಸಬೇಕು. ಪಗಾರ ಪ್ರತಿ ತಂಡದ ಮಕ್ಕಳು ಇಳಿದ ದಿನ ಬರಬೇಕು. ಹಾಗಾದರೆ ಮುಳುಗಿದರೂ ಒಂದು ವಾರದ್ದು ಮಾತ್ರ ಮುಳುಗೀತು. ಪ್ರತಿಯೊಬ್ಬನೂ ದಿನದ ಹಾಜರಿಯನ್ನು ತನ್ನದೇ ಪುಸ್ತಕದಲ್ಲಿ ಬರೆದಿಡಬೇಕು.

ನಮ್ಮ ಕಡೆಯ ಕರ್ತವ್ಯವನ್ನೂ ಹೇಳುತ್ತೇನೆ. ಅವು ಇನ್ನೊಬ್ಬರ ಮಕ್ಕಳು. ಕುದಿಸದ ನೀರು ಕೊಡಕೂಡದು, ನಿನ್ನೆಯ ಪಲ್ಯ ಇಂದಿನದರಲ್ಲಿ ಬೆರೆಸಕೂಡದು, ಕುಡಿದು ಅಡುಗೆಮನೆಗೆ ಕಾಲಿಡಕೂಡದು. ಮಕ್ಕಳು ಮಲಗುವ ಕೋಣೆಗಳ ಕಡೆ ಕಾರಣವಿಲ್ಲದೆ ಹೋಗಕೂಡದು, ಒಬ್ಬನೇ ಅಂತೂ ಕೂಡದು. ಇದರಿಂದ ಮಕ್ಕಳಿಗೂ ರಕ್ಷೆ, ನಮ್ಮ ಹೆಸರಿಗೂ ರಕ್ಷೆ. ಹಾಗೆಯೇ ಮಾಲೀಕರಿಗೂ ಒಂದು ಮಾತು ಹೇಳಬೇಕು: ನಾಲ್ಕೇ ತಾಸು ಮಲಗಿದ ಆಳಿನ ಕೈಯಲ್ಲಿ ನಿಮ್ಮ ಮಕ್ಕಳ ಊಟದ ಹಂಡೆ ಇದೆ. ನಮಗೆ ನಿದ್ದೆ ಕೊಡುವುದು ದಾನವಲ್ಲ, ಮಕ್ಕಳ ಕ್ಷೇಮದ ಒಂದು ಭಾಗ.

ಇನ್ನೊಂದು ವಿಷಯ ಓದಿ ತಿಳಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದಲ್ಲಿ 1876ರಲ್ಲಿ ಬಿಯೋನ್ ಎಂಬ ಪಾದ್ರಿ ಪಟ್ಟಣದ ಬಡವರ ಮಕ್ಕಳನ್ನು ರಜೆಗೆ ಬೆಟ್ಟದ ಊರುಗಳಿಗೆ ಕರೆದೊಯ್ದರಂತೆ. ಇಂಥ ರಜಾ ಶಿಬಿರಗಳು ಯುರೋಪಿನಲ್ಲಿ ಹರಡಿದ್ದು ಅಲ್ಲಿಂದ. ಅಂದರೆ ಅವು ನಮ್ಮಂಥವರ ಮಕ್ಕಳಿಗಾಗಿಯೇ ಶುರುವಾದದ್ದು. ದೀಪಾವಳಿ ರಜೆಯಲ್ಲಿ ನಮ್ಮ ಸಂಘದವರ ಮಕ್ಕಳನ್ನು ಐದು ದಿನ ಎಲ್ಲಿಗಾದರೂ ಕರೆದೊಯ್ಯಬಹುದೇ ಎಂದು ಕಾರ್ಯಕಾರಿ ಸಮಿತಿ ಯೋಚಿಸಲಿ. ಅಡುಗೆಯವರಿಗೆ ನಮ್ಮಲ್ಲಿ ಬರಗಾಲವಿಲ್ಲ.

ಆ ಹುಡುಗ ಕೇಳಿದ ಪ್ರಶ್ನೆ ಸಣ್ಣದು, ಎಷ್ಟು ದಿನ ಎಂದು. ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಈ ಏಪ್ರಿಲ್‌ನಲ್ಲಿ ಘಾಟ ಹತ್ತುವ ಪ್ರತಿಯೊಬ್ಬನ ಕಿಸೆಯಲ್ಲೂ ಆ ಉತ್ತರ ಬರೆದ ಕಾಗದವಿರಬೇಕು.

ಸಂಘದ ಕಚೇರಿಯಲ್ಲಿ ಇಂದಿನಿಂದ ಒಂದು ಪುಸ್ತಕ ಇಟ್ಟಿದ್ದೇವೆ. ಮಧ್ಯಾಹ್ನ ಮೂರರಿಂದ ಐದರ ವಿರಾಮದಲ್ಲಿ ಬಂದು ನಿಮ್ಮ ಹೆಸರು, ಹೋಗುವ ಜಾಗ, ಕಂತ್ರಾಟುದಾರನ ಹೆಸರು ಬರೆಸಿ. ಬರೆಯಲು ಬಾರದವರಿಗೆ ನಾನು ಬರೆದುಕೊಡುತ್ತೇನೆ. ಮೊದಲ ಸಾಲಿನಲ್ಲಿ, 2012ರ ಬಾಕಿ 6,650 ರೂಪಾಯಿ ಎಂದು ನನ್ನದನ್ನೇ ಬರೆದಿದ್ದೇನೆ. ಮೂರು ವರ್ಷದ ಅವಧಿ ಎಂದೋ ಮುಗಿದುಹೋಯಿತು, ಅದು ಬರುವುದಿಲ್ಲ. ಅದರ ಕೆಳಗೆ ಅಂಥ ಇನ್ನೊಂದು ಸಾಲು ಸೇರದಿರಲಿ.