ವಿಮಾನವೂ ಬೆನ್ನುಗಾಳಿಯೂ



ಹೊಳೆಯ ಹರಿಗೋಲಿಗೆ ಬೆನ್ನಿನ ಕಡೆಯಿಂದ ಬೀಸುವ ಗಾಳಿ ಮಿತ್ರನಷ್ಟೆ. ವಿಮಾನಕ್ಕೂ ಹಾಗೆಯೇ ಇರಬೇಕೆಂದು ನಾವು ಭಾವಿಸುವುದು ಸಹಜ. ಎತ್ತರದಲ್ಲಿ ಅದು ನಿಜವೂ ಹೌದು. ಆದರೆ ನೆಲವನ್ನು ಬಿಡುವಾಗಲೂ ನೆಲಕ್ಕೆ ಮರಳುವಾಗಲೂ ಈ ಮಿತ್ರನೇ ಹಗೆಯಾಗುತ್ತಾನೆ.

ನಗರದಿಂದ ವೈಟ್‌ಫೀಲ್ಡಿಗೆ ಹೋಗುವ ದಿಕ್ಕಿನಲ್ಲಿ 1940ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಓಡುದಾರಿಯೂ, ಉತ್ತರದ ಹೊರವಲಯದಲ್ಲಿರುವ ಜಕ್ಕೂರಿನ ಓಡುದಾರಿಯೂ ಹೆಚ್ಚುಕಡಮೆ ಪೂರ್ವಪಶ್ಚಿಮವಾಗಿವೆ. ನಮ್ಮ ಗಾಳಿಗೆ ಒಪ್ಪುವ ದಿಕ್ಕೇ ಅದು: ಮುಂಗಾರಿನಲ್ಲಿ ಗಾಳಿ ಬಹುಮಟ್ಟಿಗೆ ಪಡುವಣದಿಂದ ಬರುತ್ತದೆ, ಚಳಿಗಾಲದಲ್ಲಿ ಮೂಡಣದಿಂದ.

ವಿಮಾನವನ್ನು ಎತ್ತಿಹಿಡಿಯುವುದು ನೆಲದ ಮೇಲಿನ ಓಟವಲ್ಲ, ರೆಕ್ಕೆಗೆ ಎದುರಾಗಿ ಹರಿಯುವ ಗಾಳಿ. ಲೆಕ್ಕಕ್ಕಾಗಿ, ಒಂದು ಲಘುವಿಮಾನಕ್ಕೆ ಗಂಟೆಗೆ 50 ಮೈಲಿಯ ವೇಗ ಬೇಕೆನ್ನೋಣ. ಹತ್ತು ಮೈಲಿಯ ಎದುರುಗಾಳಿಯಿದ್ದರೆ ಅದು ನೆಲವನ್ನು 40 ಮೈಲಿಯ ವೇಗದಲ್ಲಿ ಮುಟ್ಟುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ 60ರಲ್ಲಿ. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಚಲನೆಯ ಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ, ಆ ವಿಮಾನವನ್ನು ನಿಲ್ಲಿಸುವಾಗ ಎರಡೂಕಾಲು ಪಟ್ಟು ಶಕ್ತಿಯನ್ನು ಅಡಗಿಸಬೇಕಾಗುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿದೆ. ಇಲ್ಲಿಯ ತೆಳುಗಾಳಿ ಓಟವನ್ನು ಮತ್ತಷ್ಟು ಉದ್ದಮಾಡುತ್ತದೆ. ಬೇಸಗೆಯ ಮಧ್ಯಾಹ್ನವಾದರಂತೂ ಹೇಳಬೇಕಾದುದಿಲ್ಲ.

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಆಗುವ ಮೋಸ. ಬೆನ್ನುಗಾಳಿಯಲ್ಲಿ ನೆಲವು ಬಿರ್ರನೆ ಹಿಂದೆ ಸರಿಯುತ್ತದೆ. ವೇಗ ಸಾಲದಿದ್ದರೂ ಸಾಕಾಯಿತೆಂದು ವೈಮಾನಿಕನು ಮೂತಿಯನ್ನೆತ್ತುತ್ತಾನೆ. ಮೇಲೇರಿದಂತೆ ಬೆನ್ನುಗಾಳಿ ಬಲವಾಗುತ್ತದೆ. ರೆಕ್ಕೆಗೆ ಸಿಕ್ಕುವ ಗಾಳಿ ಆ ಗಳಿಗೆಗೆ ಇನ್ನೂ ಕುಗ್ಗುತ್ತದೆ. ಏರುವ ದಾರಿಯೂ ಚಪ್ಪಟೆಯಾಗುತ್ತದೆ. ಜಕ್ಕೂರಿನ ಪಶ್ಚಿಮದ ಅಂಚಿನಾಚೆ ಬಳ್ಳಾರಿ ರಸ್ತೆಯಿದೆ, ಮೇಲುಸೇತುವೆಯಿದೆ, ಎಡೆಬಿಡದ ವಾಹನಸಂದಣಿಯಿದೆ. ಮೂಡಣಗಾಳಿಯ ದಿನ ಅತ್ತ ಮುಖಮಾಡಿ ಏರುವುದೆಂದರೇನೆಂಬುದನ್ನು ಶ್ರೋತೃಗಳು ಊಹಿಸಿಕೊಳ್ಳಬಹುದು. ಓಡುದಾರಿಯ ಇನ್ನೊಂದು ತುದಿಗೆ ಹೋಗುವ ಬೇಸರವೊಂದೇ ಇಂಥ ಸಾಹಸಕ್ಕೆ ಕಾರಣವಾಗುವುದುಂಟು!

ಇಳಿದ ಮೇಲೂ ಆತಂಕ ತೀರದು. ಈ ಕಾರ್ಖಾನೆಯೇ ನಿರ್ಮಿಸಿ 1958ರಲ್ಲಿ ಮೊದಲು ಹಾರಿಸಿದ ‘ಪುಷ್ಪಕ’ವು ಇಬ್ಬರು ಕೂರುವ, 90 ಅಶ್ವಶಕ್ತಿಯ ಪುಟ್ಟ ವಿಮಾನ, ಅದರ ಮೂರನೆಯ ಚಕ್ರ ಬಾಲದಲ್ಲಿತ್ತು. ಇಂಥದು ನೆಲದ ಮೇಲೆ ನಿಧಾನಿಸುವಾಗ ಗಾಳಿ ಹಿಂದಿನಿಂದ ಬಂದರೆ ಚುಕ್ಕಾಣಿಗೆ ಹಿಡಿತ ತಪ್ಪುತ್ತದೆ; ಬಾಲವೇ ಮುಂದಾಗಲು ಹವಣಿಸಿ ವಿಮಾನ ಗಿರ್ರನೆ ತಿರುಗಿಬಿಡಬಹುದು.

ಹೊರಡುವಾಗ ಗಾಳಿಯನ್ನು ನೋಡಿದ್ದೆನೆಂಬ ಸಮಾಧಾನವೂ ಸಾಲದು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗುಮಳೆಗೆ ಮುಂಚೆ ನಮ್ಮ ಮನೆಯ ಕಿಟಕಿಗಳು ಒಮ್ಮೆಗೇ ಬಡಿದುಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಗಳಿಗೆಯಲ್ಲಿ ನಿಲ್ದಾಣದ ಗಾಳಿಚೀಲವೂ ದಿಕ್ಕು ಬದಲಿಸಿರುತ್ತದೆ. ಅರ್ಧಗಂಟೆಯ ಹಿಂದೆ ಹಾರಿಹೋದವನು ಹಳೆಯ ನೆನಪಿನಲ್ಲೇ ಇಳಿಯಲೆಳಸದೆ, ಮೊದಲು ಆ ಚೀಲವನ್ನು ನೋಡಬೇಕು. ಗಾಳಿ ತಿರುಗಿದ್ದರೆ ಇನ್ನೊಂದು ತುದಿಯಿಂದ ಬರಬೇಕು. ಬಿರುಗಾಳಿಯೇ ಆಗಿದ್ದರೆ ದೂರದಲ್ಲಿ ಕಾಯಬೇಕು, ಇಲ್ಲವೆ ಬೇರೆ ನಿಲ್ದಾಣವನ್ನು ಅರಸಬೇಕು. ಅದಕ್ಕೆ ಬೇಕಾಗುವಷ್ಟು ಇಂಧನವನ್ನು ಹೊರಡುವಾಗಲೇ ತುಂಬಿಸಿಕೊಂಡಿರಬೇಕು.