ಮುದ್ದೆಯ ಜೊತೆಗೆ ನುಂಗುವ ಮಾತ್ರೆ

ನಾವು ಮೂತ್ರಪಿಂಡ ಎನ್ನುತ್ತೇವೆ, ನೆರೆಮನೆಯ ತಮಿಳರು ಸಿರುನೀರಗಂ ಎನ್ನುತ್ತಾರೆ. ಹೊಸೂರು ಪೇಟೆಯಲ್ಲಿ ಇಬ್ಬರ ಬಾಯಲ್ಲೂ ಅದು ಕಿಡ್ನಿಯೇ. ಮೂತ್ರ ಸೋಸುವುದಷ್ಟೇ ಅದರ ಕೆಲಸವಲ್ಲ. ರಂಜಕದ ಲೆಕ್ಕವೂ ಅದರ ಕೈಯಲ್ಲೇ ಇದೆ.

ರಂಜಕವೆಂದರೆ ಫಾಸ್ಫರಸ್. ಹೊಲಕ್ಕೆ ಡಿ.ಎ.ಪಿ. ಹಾಕುವವರಿಗೆ ಈ ಹೆಸರು ಹೊಸದಲ್ಲ. ವಯಸ್ಕರ ಮೈಯಲ್ಲಿ ಅದು ಸುಮಾರು 700 ಗ್ರಾಂ ಇರುತ್ತದೆ. ನೂರಕ್ಕೆ 85 ಪಾಲು ಸುಣ್ಣದಂಶದೊಡನೆ ಕೂಡಿ ಮೂಳೆ, ಹಲ್ಲುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ರಕ್ತದಲ್ಲಿ ಫಾಸ್ಫೇಟ್ ರೂಪದಲ್ಲಿ ಓಡಾಡುವುದು ತೀರ ಕಡಿಮೆ: ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ. ಮೂತ್ರಪಿಂಡ ಈ ಫಾಸ್ಫೇಟನ್ನು ಮೊದಲು ಸೋಸುತ್ತದೆ. ಬಳಿಕ ಅದರ ಸೂಕ್ಷ್ಮ ನಾಳಗಳು ನೂರಕ್ಕೆ 80ರಿಂದ 90 ಪಾಲನ್ನು ಹೀರಿ ರಕ್ತಕ್ಕೆ ಮರಳಿಸುತ್ತವೆ. ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಎಷ್ಟು ಹೀರಬೇಕು, ಎಷ್ಟು ಬಿಡಬೇಕು ಎಂಬ ಅಪ್ಪಣೆ ಎರಡು ಕಡೆಯಿಂದ ಬರುತ್ತದೆ. ಒಂದು, ಕುತ್ತಿಗೆಯಲ್ಲಿರುವ ಕಾಳಿನಷ್ಟು ಚಿಕ್ಕ ಪ್ಯಾರಾಥೈರಾಯ್ಡ್ ಗ್ರಂಥಿಗಳಿಂದ. ಇನ್ನೊಂದು ಮೂಳೆಯಿಂದಲೇ! ಎಫ್.ಜಿ.ಎಫ್.-23 ಎಂಬ ಆ ಹಾರ್ಮೋನು ವಿಜ್ಞಾನಿಗಳಿಗೆ ಗೊತ್ತಾದದ್ದು 2000ದಲ್ಲಿ. ಮೂಳೆ ಎಂದರೆ ಬರೀ ಕಂಬ, ತೊಲೆ ಎಂದುಕೊಂಡಿದ್ದೆವು. ಅದು 'ಸಾಕು, ಇನ್ನು ಹೀರಬೇಡ' ಎಂದು ಮೂತ್ರಪಿಂಡಕ್ಕೆ ಹೇಳಿ ಕಳುಹಿಸುತ್ತದೆ.

ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ಮೂತ್ರಪಿಂಡ ಸೊರಗಿದರೆ, ಅಪ್ಪಣೆ ಬಂದರೂ ಪಾಲಿಸುವ ಶಕ್ತಿ ಅದಕ್ಕಿರುವುದಿಲ್ಲ. ಫಾಸ್ಫೇಟ್ ರಕ್ತದಲ್ಲೇ ಉಳಿಯುತ್ತದೆ. ಮೈ ತುರಿಕೆ, ಮೂಳೆ ನೋವು ಕಾಣಿಸಿಕೊಳ್ಳಬಹುದು. ಅದಕ್ಕಿಂತ ಭಯದ್ದು, ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟಿ ಹೃದಯಕ್ಕೆ ಕುತ್ತು ಬರುವುದು. ನಾಲ್ಕು ಗಂಟೆ ಡಯಾಲಿಸಿಸ್ ಮಾಡಿದರೂ, ತಿಂದ ರಂಜಕವೆಲ್ಲ ಹೋಗುವುದಿಲ್ಲ.

ಅದಕ್ಕೇ ವೈದ್ಯರು ಕ್ಯಾಲ್ಸಿಯಂ ಅಸಿಟೇಟ್ ಅಥವಾ ಸೆವೆಲಮರ್ ಮಾತ್ರೆ ಬರೆದುಕೊಡುತ್ತಾರೆ. ಅದರ ಕೆಲಸವೆಲ್ಲ ಹೊಟ್ಟೆ, ಕರುಳಿನಲ್ಲಿ. ಊಟದ ರಂಜಕವನ್ನು ಅಲ್ಲೇ ಹಿಡಿದುಕೊಂಡು ಮಲದೊಂದಿಗೆ ಸಾಗಿಸುತ್ತದೆ. ಊಟವೇ ಇಲ್ಲದಾಗ ಹಿಡಿಯುವುದೇನನ್ನು? ಬೆಳಗ್ಗೆ ಬರಿಹೊಟ್ಟೆಯಲ್ಲಿ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ನುಂಗಿ 'ಮುಗಿಯಿತು' ಎಂದರೆ ಈ ಮಾತ್ರೆಗೆ ಕೊಟ್ಟ ದುಡ್ಡು ದಂಡ.

ಹಾಗಾದರೆ ಮುದ್ದೆ ಬಿಡಬೇಕೆ? 100 ಗ್ರಾಂ ರಾಗಿಯಲ್ಲಿ 200 ಮಿಲಿಗ್ರಾಂಗೂ ಮೇಲೆ ರಂಜಕವಿದೆ, ನಿಜ. ಆದರೆ ಬಹುಪಾಲು ಫೈಟೇಟ್ ಎಂಬ ಕಟ್ಟಿನೊಳಗಿದೆ. ಆ ಕಟ್ಟು ಬಿಚ್ಚುವ ಶಕ್ತಿ ನಮ್ಮ ಕರುಳಿಗೆ ಬಹಳ ಕಡಿಮೆ. ಕೋಲಾ ಪಾನೀಯದ ಫಾಸ್ಫಾರಿಕ್ ಆಮ್ಲ ಹೀಗಲ್ಲ, ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ರೋಗಿಯನ್ನು ನೋಡಲು ಹೋಗುವವರು ಆ ಬಾಟಲಿಯನ್ನು ಒಯ್ಯದಿರುವುದೇ ವಾಸಿ. ಮುದ್ದೆ ಎಷ್ಟು ಎಂಬುದನ್ನು ವೈದ್ಯರು ರಕ್ತಪರೀಕ್ಷೆ ನೋಡಿ ಹೇಳಲಿ, ನೀವಾಗಿ ಬಿಡಬೇಡಿ.

2021ರ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಶುರುವಾಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನೂ, ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ನ ದ್ರವದ ಚೀಲಗಳನ್ನೂ ಮನೆಬಾಗಿಲಿಗೆ ಮುಟ್ಟಿಸುವುದು ಅದರ ಉದ್ದೇಶ. ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಗೆ ನಿಮ್ಮ ಆಸ್ಪತ್ರೆಯ ಚೀಟಿ ತೋರಿಸಿ. 'ಅಕ್ಕಾ, ಇದರಲ್ಲಿ ಊಟದ ಜೊತೆ ನುಂಗಬೇಕಾದದ್ದು ಯಾವುದು?' ಎಂದು ಕನ್ನಡದಲ್ಲೋ ತಮಿಳಿನಲ್ಲೋ ಕೇಳಿ. ಆ ಪೊಟ್ಟಣವನ್ನು ತಟ್ಟೆ ಇಡುವ ಗೂಡಿನಲ್ಲೇ ಇಟ್ಟುಕೊಳ್ಳಿ.